ಲೆಕ್ಕದ ಪುಸ್ತಕ ಹಿಡಿದು ಬುಡಾಪೆಸ್ಟಿಗೆ

ಎಲ್ಲಿಗಾದರೂ ಹೋಗೋಣ ಅಂತ ಮಾತು ಶುರುವಾದದ್ದು ಮ್ಯೂನಿಕ್‌ನ ನಮ್ಮ ಹಾಸ್ಟೆಲ್ ಅಡುಗೆಮನೆಯಲ್ಲಿ. ನಾನು ಪ್ಯಾರಿಸ್ ಅಂದೆ. ಗೆಳತಿ ಅಲ್ಲಿನ ರೂಮ್ ಬಾಡಿಗೆ ನೋಡಿದಳು, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದಳು. "ಅಲ್ಲಿಗೆ ಸಂಬಳ ಬರುವಾಗ ಹೋಗುವ ಮಾರಾಯ್ತಿ. ಈಗ ಬೇರೆ ಎಂತದಾದ್ರೂ ನೋಡು."

ಅವಳು ಪುತ್ತೂರಿನವಳು, ನಾನು ಹಾಸನದವಳು. ಇಬ್ಬರೂ ಓದುತ್ತಿರುವವರು. ಅವಳ ಹತ್ತಿರ ಒಂದು ಉದ್ದನೆಯ ನೋಟ್‌ಬುಕ್ ಇದೆ. ಬಾಡಿಗೆಯಿಂದ ಹಿಡಿದು ಕೊತ್ತಂಬರಿ ಸೊಪ್ಪಿನವರೆಗೆ ಎಲ್ಲ ಅದರಲ್ಲಿ ಬರೆಯುತ್ತಾಳೆ. ನಾನು ಅವಳನ್ನು ಲೆಕ್ಕದಮ್ಮ ಅಂತ ಕರೆಯುವುದು. ಲೆಕ್ಕದಮ್ಮ ಹಾಕಿದ ಗೆರೆ ಇಷ್ಟು: ತಲಾ 200 ಯೂರೋ. ಬಸ್ಸು, ಮಲಗುವ ಜಾಗ, ಊಟ, ಟಿಕೆಟ್, ಎಲ್ಲ ಅದರೊಳಗೇ. ಆ ದುಡ್ಡಿಗೆ ಸಿಕ್ಕ ರಾಜಧಾನಿ ಬುಡಾಪೆಸ್ಟ್. ಹಂಗರಿಯೂ ಷೆಂಗೆನ್ ಅನ್ನುವ ಒಂದೇ ವೀಸಾದ ದೇಶಗಳ ಕೂಟದ ಒಳಗೇ ಇರುವುದರಿಂದ ಜರ್ಮನಿಯಲ್ಲಿ ಓದುವ ನಮಗೆ ಬೇರೆ ವೀಸಾ ಬೇಕಿರಲಿಲ್ಲ. ದುಡ್ಡು ಮಾತ್ರ ಬೇರೆ. ಅಲ್ಲಿ ಯೂರೋ ಇಲ್ಲ, ಫೋರಿಂಟ್. ಸುಮಾರು ನಾಲ್ಕು ಫೋರಿಂಟ್‌ಗೆ ನಮ್ಮ ಒಂದು ರೂಪಾಯಿ ಅಂತ ತಲೆಯಲ್ಲಿ ಇಟ್ಟುಕೊಂಡರೆ ಸಾಕು.

2023ರ ಅಕ್ಟೋಬರ್ 20, ಶುಕ್ರವಾರ ರಾತ್ರಿ ಬಸ್ಸು ಹತ್ತಿದೆವು. ಬ್ಯಾಗಿನಲ್ಲಿ ಹನ್ನೆರಡು ಚಪಾತಿ, ಒಂದು ಡಬ್ಬಿ ಚಟ್ನಿಪುಡಿ, ಅವಲಕ್ಕಿ. ರಾತ್ರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಕತ್ತು ಒಂದು ಕಡೆ, ನಿದ್ದೆ ಒಂದು ಕಡೆ.

ಶನಿವಾರ

ಬೆಳಗ್ಗೆ ಆರೂವರೆಗೆ ನೇಪ್‌ಲಿಗೆಟ್ ಬಸ್ ನಿಲ್ದಾಣ. ಇನ್ನೂ ಕತ್ತಲು. ಮೊದಲು ಮಾಡಿದ ಕೆಲಸ ಮೆಷಿನ್‌ನಲ್ಲಿ 72 ಗಂಟೆಯ ಪಾಸ್ ತೆಗೆದುಕೊಂಡದ್ದು. 5,500 ಫೋರಿಂಟ್. ಮೆಟ್ರೋ, ಟ್ರಾಮ್, ಬಸ್ಸು, ಎಲ್ಲಕ್ಕೂ ಅದೇ. ಬಿಡಿ ಟಿಕೆಟ್ ತೆಗೆದುಕೊಂಡರೆ ಪ್ರತಿ ಸಲ ಮೆಷಿನ್‌ಗೆ ತೂರಿಸಿ ಮುದ್ರೆ ಒತ್ತಿಸಿಕೊಳ್ಳಬೇಕು. ಮರೆತರೆ ಟಿಕೆಟ್ ಕೈಲಿದ್ದರೂ ದಂಡ. ಪಾಸ್‌ಗೆ ಆ ಗೋಳಿಲ್ಲ.

ಮೆಟ್ರೋದಲ್ಲಿ ತೂಕಡಿಸುತ್ತಿದ್ದ ಗೆಳತಿ ಒಮ್ಮೆಲೇ ನೆಟ್ಟಗೆ ಕೂತಳು. ಸ್ಟೇಷನ್ ಹೆಸರು ಸೆಮ್ಮೆಲ್‌ವೈಸ್ ಕ್ಲಿನಿಕಾಕ್. ಅವಳು ಓದುತ್ತಿರುವುದು ಮೈಕ್ರೋಬಯಾಲಜಿ. "ಹೆರಿಗೆ ವಾರ್ಡಿಗೆ ಹೋಗುವ ಮೊದಲು ಕೈ ತೊಳೀರಿ ಅಂತ ಡಾಕ್ಟರುಗಳಿಗೆ ಹೇಳಿ ಬೈಸಿಕೊಂಡವನು ಇವನೇ!" ಸೆಮ್ಮೆಲ್‌ವೈಸ್ ಹುಟ್ಟಿದ್ದು ಇಲ್ಲಿಯೇ, 1818ರಲ್ಲಿ. ವಿಯೆನ್ನಾದ ಆಸ್ಪತ್ರೆಯಲ್ಲಿ 1847ರಲ್ಲಿ ಕೈ ತೊಳೆಯುವ ನಿಯಮ ತಂದ. ಬಾಣಂತಿಯರ ಸಾವು ಕಡಿಮೆಯಾಯಿತು, ಆದರೂ ದೊಡ್ಡ ಡಾಕ್ಟರುಗಳು ಒಪ್ಪಲಿಲ್ಲ. ಇಷ್ಟೂ ಕಥೆ ಎರಡು ಸ್ಟೇಷನ್ ದಾಟುವಷ್ಟರಲ್ಲಿ ಮುಗಿಯಿತು. ಎದುರಿಗೆ ಕೂತ ಅಜ್ಜಿಗೆ ಸೆಮ್ಮೆಲ್‌ವೈಸ್ ಅನ್ನುವ ಒಂದು ಪದ ಬಿಟ್ಟರೆ ಏನೂ ತಿಳಿಯಲಿಲ್ಲ. ಅಷ್ಟಕ್ಕೇ ಖುಷಿಯಾಗಿ ತಲೆಯಾಡಿಸಿದರು.

ನಮ್ಮ ಹಾಸ್ಟೆಲ್ ಇದ್ದದ್ದು ಏಳನೇ ಜಿಲ್ಲೆಯಲ್ಲಿ, ಹಳೆಯ ಯಹೂದಿ ಕೇರಿಯಲ್ಲಿ. ಬೀದಿಯಿಂದ ನೋಡಿದರೆ ಮಸಿ ಹಿಡಿದ ನಾಲ್ಕಂತಸ್ತಿನ ಕಟ್ಟಡ. ದೊಡ್ಡ ಮರದ ಬಾಗಿಲು ತಳ್ಳಿ ಒಳಗೆ ಹೋದರೆ, ಅಯ್ಯೋ, ವಠಾರ! ನಡುವೆ ತೆರೆದ ಅಂಗಳ. ಸುತ್ತ ಪ್ರತಿ ಅಂತಸ್ತಿನಲ್ಲೂ ಕಬ್ಬಿಣದ ಕಟಕಟೆಯ ಉದ್ದನೆಯ ಪಡಸಾಲೆ. ಪಡಸಾಲೆಗೆ ತೆರೆಯುವ ಮನೆ ಬಾಗಿಲುಗಳು. ಯಾರದ್ದೋ ಒಗೆದ ಬಟ್ಟೆ, ಯಾರದ್ದೋ ಹೂವಿನ ಕುಂಡ. ಎರಡನೇ ಅಂತಸ್ತಿನಲ್ಲಿ ಒಬ್ಬ ಹೆಂಗಸು ಕಟಕಟೆಗೆ ಒರಗಿ ಕೆಳಗಿನವಳ ಜೊತೆ ಮಾತಾಡುತ್ತಿದ್ದಳು. ಭಾಷೆ ತಿಳಿಯದಿದ್ದರೂ ಅದು ಮೂರನೆಯವಳ ಬಗ್ಗೆ ಅಂತ ಇಬ್ಬರಿಗೂ ಗೊತ್ತಾಯಿತು. ಬುಡಾಪೆಸ್ಟಿನ ಹಳೆ ಮನೆಗಳು ಬಹಳಷ್ಟು ಹೀಗೆಯೇ. ಆಮೇಲೆ ಮೂರು ದಿನವೂ ಬೀದಿಯಲ್ಲಿ ಬಾಗಿಲು ತೆರೆದಿದ್ದರೆ ಸುಮ್ನೆ ಒಳಗೆ ಇಣುಕುವುದು ನಮ್ಮ ಅಭ್ಯಾಸವಾಯಿತು. ಅದಕ್ಕೆ ಟಿಕೆಟ್ ಇಲ್ಲ.

ಮೊದಲ ಪೆಟ್ಟು ಬಿದ್ದದ್ದು ಹತ್ತು ಗಂಟೆಗೆ. ಪೇಟೆ ಬೀದಿಯಲ್ಲಿ ದುಡ್ಡು ಬದಲಿಸುವ ಅಂಗಡಿ. ಕಮಿಷನ್ ಇಲ್ಲ ಅಂತ ದಪ್ಪಕ್ಷರದ ಬೋರ್ಡು. ಅದರ ಪಕ್ಕದಲ್ಲಿ ಒಳ್ಳೆಯ ದರ. ನಾನು 50 ಯೂರೋ ಕೊಟ್ಟೆ. 19,000 ಫೋರಿಂಟ್ ಆಸುಪಾಸು ಬರಬೇಕಿತ್ತು. ಎಣಿಸಿದರೆ 16,000. ಕೇಳಿದ್ದಕ್ಕೆ ಕಿಟಕಿಯಲ್ಲಿದ್ದವನು ಬೆರಳು ತೋರಿಸಿದ. ದಪ್ಪಕ್ಷರದ್ದು ಅವರು ಮಾರುವ ದರ. ಕೊಳ್ಳುವ ದರ ಕೆಳಗೆ, ಇರುವೆ ಸಾಲಿನ ಹಾಗೆ. ಗೆಳತಿ ಒಂದು ಮಾತೂ ಆಡಲಿಲ್ಲ. ಅಲ್ಲೇ ನಿಂತು ನೋಟ್‌ಬುಕ್ ತೆಗೆದು ಬರೆದಳು: "ಬುದ್ಧಿ ಕಲಿತ ಫೀಸು, 3,000." ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲಿನದ್ದೆಲ್ಲ ಕಾರ್ಡಿನಲ್ಲೇ. ಮೆಷಿನ್ 'ಯೂರೋದಲ್ಲಿ ಕಟ್ಟುತ್ತೀರಾ' ಅಂತ ಕೇಳಿದಾಗ ಬೇಡ ಅಂದು ಫೋರಿಂಟ್ ಒತ್ತಬೇಕು. ಯೂರೋ ಅಂದರೆ ಅಲ್ಲೂ ಇದೇ ಕಥೆ.

ದೊಡ್ಡ ಮಾರುಕಟ್ಟೆಗೆ ಹೋದಾಗ ಮಧ್ಯಾಹ್ನ ಎರಡೂವರೆ. ಶನಿವಾರ ಮೂರಕ್ಕೇ ಮುಚ್ಚುತ್ತದೆ ಅಂತ ಬಾಗಿಲಲ್ಲಿ ನೋಡಿದ ಮೇಲೆ ಗೊತ್ತಾದದ್ದು. 1897ರಲ್ಲಿ ತೆರೆದ ಕಟ್ಟಡ. ರೈಲು ನಿಲ್ದಾಣದಷ್ಟು ಎತ್ತರದ ಕಬ್ಬಿಣದ ಚಾವಣಿ, ಮೇಲೆ ಬಣ್ಣದ ಹೆಂಚು. ಕೆಳಗೆ ಕೆಂಪು ಮೆಣಸಿನಕಾಯಿ ಹಾರಗಳು ಸಾಲಾಗಿ ನೇತಾಡುತ್ತಿದ್ದವು. ಪಪ್ರಿಕಾ ಅಂತ ಇಲ್ಲಿನವರು ಜೀವ ಬಿಡುವುದು ಇದಕ್ಕೇ. ಅಂಗಡಿಯ ಹೆಂಗಸು ಶಟರ್ ಅರ್ಧ ಎಳೆದಿದ್ದಳು. ನಮ್ಮನ್ನು ನೋಡಿ ನಿಲ್ಲಿಸಿದಳು. ಎರಡು ಪೊಟ್ಟಣ ಮುಂದಿಟ್ಟಳು. ಒಂದು ಏದೆಶ್, ಅಂದರೆ ಸಿಹಿ. ಇನ್ನೊಂದು ಚಿಪೋಶ್, ಖಾರ. ನಾನು ಸಿಹಿಯದ್ದನ್ನು ಬೆರಳಿಗೆ ಹಚ್ಚಿ ನೆಕ್ಕಿದೆ. ಬಣ್ಣ ರಕ್ತದಂತೆ, ಖಾರ ಹೆಸರಿಗಷ್ಟೇ. "ಇದು ನಮ್ಮ ಬ್ಯಾಡಗಿ ಕಣೇ!" ಅಂದೆ. ನಿಜಕ್ಕೂ ಹಾಗೆಯೇ. ಅಮೆರಿಕದಿಂದ ಹೊರಟ ಒಂದೇ ಗಿಡ, ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕಡೆ ಬಂತು, ತುರ್ಕರ ಕಾಲದಲ್ಲಿ ಇವರ ಕಡೆ ಬಂತು. ಎರಡೂ ಕಡೆಯವರು ಬಣ್ಣಕ್ಕೆ ಒಂದು, ಖಾರಕ್ಕೆ ಒಂದು ಅಂತ ಬೇರೆ ಬೇರೆ ಬೆಳೆಸಿಕೊಂಡರು. ಸೆಗೆಡ್ ಊರಿನ ಪಪ್ರಿಕಾದಿಂದಲೇ ವಿಟಮಿನ್ ಸಿ ಬೇರ್ಪಡಿಸಿದ ಸೆಂಟ್ ಜ್ಯೋರ್ಜಿಗೆ 1937ರಲ್ಲಿ ನೊಬೆಲ್ ಬಂತು. ಇದನ್ನೂ ಲೆಕ್ಕದಮ್ಮನೇ ಹೇಳಿದ್ದು. ಖಾರದ್ದು ಅವಳು, ಸಿಹಿಯದ್ದು ನಾನು, ಒಂದೊಂದು ಪೊಟ್ಟಣ ತೆಗೆದುಕೊಂಡೆವು.

ಮಾರುಕಟ್ಟೆಯ ಮಹಡಿಯ ಮೇಲೆ ಲಾಂಗೋಶ್ ಸಿಗುತ್ತದೆ. ಪ್ರವಾಸಿಗರಿಗೆ ಅಂತಲೇ ಇಟ್ಟ ರೇಟು, ಆದರೂ ಒಂದು ತೆಗೆದುಕೊಂಡು ಹಂಚಿಕೊಂಡೆವು. ಹುದುಗು ಬರಿಸಿದ ಹಿಟ್ಟನ್ನು ತಟ್ಟಿ ಎಣ್ಣೆಗೆ ಬಿಡುತ್ತಾರೆ. ತಟ್ಟೆಯಗಲ ಉಬ್ಬುತ್ತದೆ. ಅದರ ಮೇಲೆ ಬೆಳ್ಳುಳ್ಳಿ ನೀರು ಸವರಿ, ಹುಳಿ ಕ್ರೀಮ್ ಬಳಿದು, ಚೀಸ್ ತುರಿದು ಹಾಕುತ್ತಾರೆ. ಪೂರಿಗೂ ಮಂಗಳೂರು ಬನ್ಸಿಗೂ ಹುಟ್ಟಿದ್ದು ಅಂತ ಗೆಳತಿ ತೀರ್ಪು ಕೊಟ್ಟಳು. ಸಾಯಂಕಾಲದವರೆಗೆ ಹಸಿವೇ ಆಗಲಿಲ್ಲ.

ಸಂಜೆ ಬುಡಾ ಗುಡ್ಡ. ಡ್ಯಾನ್ಯೂಬ್ ನದಿಯ ಆ ದಡ ಗುಡ್ಡದ ಬುಡಾ, ಈ ದಡ ಬಯಲಿನ ಪೆಸ್ಟ್. ಬುಡಾ, ಓಬುಡಾ, ಪೆಸ್ಟ್ ಅಂತ ಮೂರು ಊರುಗಳಿದ್ದದ್ದು 1873ರಲ್ಲಿ ಒಂದಾದವು. ಅದಕ್ಕೂ ಮೊದಲೇ, 1849ರಲ್ಲಿ ಸರಪಳಿ ಸೇತುವೆ ಎರಡು ದಡಗಳನ್ನು ಕಟ್ಟಿಹಾಕಿತ್ತು. ಅರಮನೆಗೆ ಹತ್ತಲು ಹಳೆಯ ಕೇಬಲ್ ಗಾಡಿ ಇದೆ, ಮುಂದೆ ಉದ್ದ ಸಾಲೂ ಇದೆ. ಅದಕ್ಕೆ ನಮ್ಮ ಪಾಸ್ ನಡೆಯಲ್ಲ. 16ನೇ ನಂಬರ್ ಬಸ್ಸಿಗೆ ನಡೆಯುತ್ತದೆ, ಅದೇ ಗುಡ್ಡಕ್ಕೆ ಬಿಡುತ್ತದೆ. ಮೀನುಗಾರರ ಕೊತ್ತಲದಲ್ಲೂ ಹಾಗೆಯೇ, ಮೇಲಿನ ಗೋಪುರಗಳಿಗೆ ಹಗಲಲ್ಲಿ ಟಿಕೆಟ್, ಕೆಳಗಿನ ಕಟ್ಟೆಗೆ ಏನೂ ಇಲ್ಲ. ಕಟ್ಟೆಯಿಂದ ಕಾಣದ್ದು ಗೋಪುರದಿಂದಲೂ ಕಾಣುವುದಿಲ್ಲ. ಹೆಸರು ಕೇಳಿ ಕೋಟೆ ಅಂದುಕೊಂಡಿದ್ದೆ. ಯುದ್ಧಕ್ಕೆ ಅಂತ ಕಟ್ಟಿದ್ದೇ ಅಲ್ಲ ಅದು, ನೂರಿಪ್ಪತ್ತು ವರ್ಷದ ಹಿಂದೆ ಚಂದಕ್ಕೆ ಕಟ್ಟಿದ್ದು. ಕತ್ತಲಾಗುತ್ತಿದ್ದಂತೆ ಎದುರು ದಡದ ಸಂಸತ್ ಭವನಕ್ಕೆ ದೀಪ ಹಚ್ಚಿದರು. ನದಿಯಲ್ಲೂ ಒಂದು ಸಂಸತ್ ಭವನ, ತಲೆಕೆಳಗಾಗಿ. ಪಕ್ಕದಲ್ಲಿ ಒಬ್ಬ ಮುದುಕ ಪಿಟೀಲು ನುಡಿಸುತ್ತಿದ್ದ. ಚಟ್ನಿಪುಡಿ ಚಪಾತಿ ಸುರುಳಿ ಸುತ್ತಿ ಕಟ್ಟೆಯ ಮೇಲೆ ಕೂತು ತಿಂದೆವು. ಆ ರಾತ್ರಿಯೂಟದ ಖರ್ಚಿನ ಕಾಲಮ್‌ನಲ್ಲಿ ದೊಡ್ಡ ಸೊನ್ನೆ.

ಭಾನುವಾರ

ರಾತ್ರಿಯಿಡೀ ಕೆಳಗಿನ ಬೀದಿಯಲ್ಲಿ ಕುಡುಕರ ಹಾಡು. ಇದು ಈ ಕೇರಿಯ ಇನ್ನೊಂದು ಮುಖ. ಪಾಳುಬಿದ್ದ ಕಟ್ಟಡಗಳನ್ನೇ ಬಾರ್ ಮಾಡಿಕೊಂಡಿದ್ದಾರೆ. ಅದರಲ್ಲಿ ಹೆಸರುವಾಸಿ ಸಿಂಪ್ಲಾ. ಆದರೆ ಭಾನುವಾರ ಬೆಳಗ್ಗೆ ಅಲ್ಲಿ ರೈತರ ಸಂತೆ ನಡೆಯುತ್ತದೆ. ಹಿಂದಿನ ರಾತ್ರಿ ಬಿಯರ್ ಹರಿದ ಜಾಗದಲ್ಲಿ ಜೇನುತುಪ್ಪ, ಕುಂಬಳಕಾಯಿ, ಉಪ್ಪಿನಕಾಯಿ ಜಾಡಿ. ರುಚಿ ನೋಡಿ ಅಂತ ಕೊಡುತ್ತಾರೆ. ನಾವು ಬಹಳ ಶ್ರದ್ಧೆಯಿಂದ ರುಚಿ ನೋಡಿದೆವು.

ದೋಹಾಂಯ್ ಬೀದಿಯ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಅಲ್ಲಿಂದ ನಾಲ್ಕು ಹೆಜ್ಜೆ. 1859ರದ್ದು, ಯುರೋಪಿನಲ್ಲೇ ದೊಡ್ಡದು. ಟಿಕೆಟ್ ಜಾಸ್ತಿ. ಹಿಂದಿನ ಬೀದಿಯ ಕಂಬಿಗಳ ನಡುವಿನಿಂದ ನೋಡಿದರೆ ಅಂಗಳದ ಲೋಹದ ಮರ ಕಾಣುತ್ತದೆ. ಎಲೆಗಳ ಮೇಲೆ ನಾಜಿ ನರಮೇಧದಲ್ಲಿ ಸತ್ತ ಯಹೂದಿಗಳ ಹೆಸರು ಕೆತ್ತಿದ್ದಾರೆ. ಗಾಳಿಗೆ ಎಲೆಗಳು ತುಸು ಅಲುಗುತ್ತಿದ್ದವು.

ಆಮೇಲೆ ನನಗೆ ಈ ಊರಿನಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು. ಒಂದನೇ ನಂಬರಿನ ಮೆಟ್ರೋ. ಆಂದ್ರಾಶಿ ರಸ್ತೆಯ ಅಡಿಯಲ್ಲೇ ಓಡುತ್ತದೆ. ಒಂದಿಷ್ಟು ಮೆಟ್ಟಿಲು ಇಳಿದರೆ ಮುಗಿಯಿತು, ನೆಲಮಾಳಿಗೆಗೆ ಇಳಿದಷ್ಟೇ. ಬಿಳಿ ಟೈಲ್ಸ್ ಗೋಡೆ, ಕಬ್ಬಿಣದ ಕಂಬಗಳು, ಹಳೆಯ ಮರದ ಟಿಕೆಟ್ ಗೂಡು. ಆಮೇಲೆ ಆಟಿಕೆಯಂಥ ಹಳದಿ ರೈಲು ಗಡಗಡ ಬರುತ್ತದೆ. ಚಾವಣಿ ಎಷ್ಟು ತಗ್ಗು ಅಂದರೆ ಎತ್ತರದವರು ತಲೆ ಬಗ್ಗಿಸುತ್ತಾರೆ. 1896ರಲ್ಲಿ ಶುರುವಾದದ್ದು ಇದು. ಲಂಡನ್ ಬಿಟ್ಟರೆ ಯುರೋಪ್ ಖಂಡದ ನೆಲದಲ್ಲಿ ಮೊದಲ ಸುರಂಗ ಮೆಟ್ರೋ, ಅದೂ ಮೊದಲ ದಿನದಿಂದ ಕರೆಂಟಿನಲ್ಲೇ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ನಾವು ಸುಮ್ನೆ ಈ ತುದಿಯಿಂದ ಆ ತುದಿಗೆ ಹೋಗಿ ಬಂದೆವು. ಪಾಸ್ ಇತ್ತಲ್ಲ.

ಹೆಸರುಗಳನ್ನು ಓದುವುದೇ ಒಂದು ಸರ್ಕಸ್. ಇವರ ಎಸ್ ಅಂದರೆ ಶ. ಎಸ್ ಪಕ್ಕ ಜ಼ೆಡ್ ಬಂದರೆ ಆಗ ಸ. ಹಾಗಾಗಿ ಪೆಸ್ಟ್ ಅಲ್ಲ, ಪೆಶ್ಟ್. ಆದರೆ ಭಾಷೆಯ ಒಳಗೆ ಇಣುಕಿದರೆ ಯಾಕೋ ನಮ್ಮದೇ ಅನಿಸುತ್ತದೆ. ಹಾಜ಼್ ಅಂದರೆ ಮನೆ, ಹಾಜ಼್‌ಬನ್ ಅಂದರೆ ಮನೆಯಲ್ಲಿ. ನಮ್ಮ ಹಾಗೆ ಬಾಲ ಅಂಟಿಸುವುದು. ಹೆಸರೂ ಹಾಗೆ, ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ. ಜರ್ಮನಿಗೆ ಬಂದ ಮೇಲೆ ಪ್ರತಿ ಫಾರಂನಲ್ಲೂ ಇನಿಷಿಯಲ್ ಎಲ್ಲಿ ಹಾಕುವುದು ಅಂತ ಒದ್ದಾಡುವ ನನಗೆ ಇವರನ್ನು ಕಂಡು ಸಮಾಧಾನವಾಯಿತು.

ಮಧ್ಯಾಹ್ನದ ಊಟಕ್ಕೆ ಒಂದು ಕ್ಯಾಂಟೀನ್. ಫೋಜ಼ೆಲೇಕ್ ಅನ್ನುವ ಪದ ಕಲಿತು ಹೋಗಿ, ಸಸ್ಯಾಹಾರಿಗಳು ಬದುಕುತ್ತೀರಿ. ಒಂದು ತರಕಾರಿ ಅಥವಾ ಕಾಳನ್ನು ಬೇಯಿಸಿ ಹಿಟ್ಟು ಕದಡಿ ಗಟ್ಟಿ ಮಾಡಿದ ಗೊಜ್ಜು. ನಾವು ತಿಂದದ್ದು ಲೆನ್ಚೆ, ಅಂದರೆ ಮಸೂರಕಾಳಿನದ್ದು. ಮಾಂಸ ಬೇಡ ಅನ್ನಲು 'ಹೂಶ್ ನೇಲ್ಕುಲ್'. ಒಗ್ಗರಣೆಯೊಂದು ಬಿದ್ದಿದ್ದರೆ ಸಾಕಿತ್ತು. ಚಟ್ನಿಪುಡಿ ಡಬ್ಬಿ ಮೇಜಿನ ಕೆಳಗೇ ತೆರೆದುಕೊಂಡಿತು.

ವೀರರ ಚೌಕದ ದೊಡ್ಡ ದೊಡ್ಡ ಕುದುರೆ ಸವಾರರನ್ನು ನೋಡಿ, ಪಾರ್ಕಿನೊಳಗೆ ಅನಾಮಿಕನ ಪ್ರತಿಮೆಯ ಹತ್ತಿರ ಹೋದೆವು. ಹಂಗರಿಯ ಹಳೆಯ ಚರಿತ್ರೆ ಬರೆದವನು, ಹೆಸರು ಯಾರಿಗೂ ಗೊತ್ತಿಲ್ಲ. ಶಿಲ್ಪಿ ಅವನ ತಲೆಗೆ ಮುಸುಕು ಎಳೆದುಬಿಟ್ಟಿದ್ದಾನೆ, ಮುಖವೇ ಕಾಣದು. ಕೈಯಲ್ಲಿ ಲೇಖನಿ. ಅದನ್ನು ಮುಟ್ಟಿದರೆ ಬರವಣಿಗೆ ಚೆನ್ನಾಗಿ ಸಾಗುತ್ತದಂತೆ. ಜನ ಮುಟ್ಟಿ ಮುಟ್ಟಿ ಲೇಖನಿ ಮಾತ್ರ ಚಿನ್ನದಂತೆ ಹೊಳೆಯುತ್ತದೆ. ಇಂಥದ್ದನ್ನೆಲ್ಲ ನಂಬದ ಗೆಳತಿ, ಥೀಸಿಸ್ ಬಾಕಿ ಇರುವುದರಿಂದ, ಎರಡು ಸಲ ಮುಟ್ಟಿದಳು.

ಇಡೀ ಪ್ರವಾಸದಲ್ಲಿ ಕೈಬಿಚ್ಚಿ ಖರ್ಚು ಮಾಡಿದ್ದು ಒಂದೇ ಕಡೆ: ಸೇಚೇನಿ ಸ್ನಾನಗೃಹ. ತಲಾ ಎರಡು ಸಾವಿರ ರೂಪಾಯಿ ಮೀರಿತು. ಸ್ನಾನಕ್ಕೆ ಎರಡು ಸಾವಿರ ಅಂತ ಊರಲ್ಲಿ ಹೇಳಿದರೆ ನಗುತ್ತಾರೆ. ಈಜುಡುಗೆ, ಟವೆಲ್, ಚಪ್ಪಲಿ ನಾವೇ ಒಯ್ದಿದ್ದೆವು, ಅಲ್ಲಿ ಬಾಡಿಗೆಗೆ ಮತ್ತೆ ದುಡ್ಡು. 1913ರಲ್ಲಿ ತೆರೆದ ಹಳದಿ ಅರಮನೆ. ನಡುವಿನ ಅಂಗಳವೇ ಕೊಳ. ನೆಲದಾಳದಿಂದ ಬರುವ ನೀರು 70 ಡಿಗ್ರಿಗೂ ಮೇಲೆ ಕುದಿಯುವಂತೆ ಬರುತ್ತದೆ, ಆರಿಸಿ ಬಿಡುತ್ತಾರೆ. ಹೊರಗೆ ಚಳಿ, ಬಟ್ಟೆ ಬದಲಿಸಿ ಕೊಳದವರೆಗೆ ಓಡುವ ಆ ಹತ್ತು ಸೆಕೆಂಡು ಯಮಯಾತನೆ. ಇಳಿದ ಮೇಲೆ ಮಾತಿಲ್ಲ. ಹಬೆಯೊಳಗೆ ಜನರ ತಲೆಗಳು ಮಾತ್ರ ತೇಲುತ್ತಿದ್ದವು. ಮೂಲೆಯಲ್ಲಿ ಎದೆಮಟ್ಟ ನೀರಲ್ಲಿ ನಿಂತು ಇಬ್ಬರು ಮುದುಕರು ಚದುರಂಗ ಆಡುತ್ತಿದ್ದರು. ಒಬ್ಬ ಕುದುರೆ ಎತ್ತಿ ಹಿಡಿದವನು ಎರಡು ನಿಮಿಷ ಹಾಗೇ ಯೋಚಿಸಿದ. ಕುದುರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ನಮ್ಮ ಇರ್ದೆಯಲ್ಲೂ ಬೆಂದ್ರ್ ತೀರ್ಥ ಉಂಟು. ಅಜ್ಜಿ ಕರ್ಕೊಂಡು ಹೋಗ್ತಿದ್ರು" ಅಂದಳು ಗೆಳತಿ. ಪುತ್ತೂರಿನ ಹತ್ತಿರದ ಬಿಸಿನೀರ ಬುಗ್ಗೆ ಅದು. ಆಮೇಲೆ ಬಹಳ ಹೊತ್ತು ಅವಳು ಲೆಕ್ಕದ ಮಾತೇ ಎತ್ತಲಿಲ್ಲ.

ಸೋಮವಾರ

ಬೆಳಗ್ಗೆ ಬ್ರೆಡ್ ತರಲು ಹೋದವಳು ಬರಿಗೈಯಲ್ಲಿ ಬಂದೆ. ಸೂಪರ್ ಮಾರ್ಕೆಟ್ ಎಲ್ಲ ಬಂದ್. ಅಕ್ಟೋಬರ್ 23, ರಾಷ್ಟ್ರೀಯ ರಜೆ. ಮೂರು ತಿಂಗಳು ಪ್ಲಾನ್ ಮಾಡಿದ ಇಬ್ಬರಿಗೂ ಇದು ಹೊಳೆದಿರಲಿಲ್ಲ. ಅವಲಕ್ಕಿಗೆ ಜಯವಾಗಲಿ.

ಬೀದಿ ತುಂಬ ಕೆಂಪು, ಬಿಳಿ, ಹಸಿರು ಬಾವುಟ. ಕೆಲವದರ ನಡುವೆ ತಟ್ಟೆಯಗಲದ ತೂತು. ಹರಿದದ್ದೇನೋ ಅಂದುಕೊಂಡೆ. ಅಂಚು ನೋಡಿದರೆ ನೀಟಾಗಿ ಹೊಲಿದಿದ್ದಾರೆ. 1956ರ ಇದೇ ದಿನ ಜನ ಸೋವಿಯತ್ ಹಿಡಿತದ ವಿರುದ್ಧ ಬೀದಿಗಿಳಿದಾಗ, ಬಾವುಟದ ನಡುವಿದ್ದ ಕಮ್ಯುನಿಸ್ಟ್ ಲಾಂಛನವನ್ನು ಕತ್ತರಿಸಿ ಎಸೆದರು. ತೂತಿನ ಬಾವುಟವೇ ದಂಗೆಯ ಗುರುತಾಯಿತು. ನವೆಂಬರ್ 4ಕ್ಕೆ ಸೋವಿಯತ್ ಟ್ಯಾಂಕುಗಳು ಬಂದು ಎಲ್ಲ ಮುಗಿಸಿದವು. ಪ್ರಧಾನಿ ಇಮ್ರೆ ನಾಗಿಯನ್ನು 1958ರಲ್ಲಿ ಗಲ್ಲಿಗೇರಿಸಿದರು. ಸಂಸತ್ತಿನ ಎದುರಿನ ಕೃಷಿ ಸಚಿವಾಲಯದ ಗೋಡೆಯಲ್ಲಿ ಗುಂಡು ತಾಗಿದ ಕಡೆಗೆಲ್ಲ ಲೋಹದ ಗುಂಡುಗಳನ್ನು ಕೂರಿಸಿದ್ದಾರೆ. ನನ್ನ ಎದೆಯ ಮಟ್ಟಕ್ಕೊಂದು ಇತ್ತು. ತಣ್ಣಗಿತ್ತು.

ಸಂಸತ್ ಭವನ 96 ಮೀಟರ್ ಎತ್ತರ. ಮಗ್ಯಾರರು, ಅಂದರೆ ಹಂಗರಿಯವರ ಪೂರ್ವಜರು, ಈ ನೆಲಕ್ಕೆ ಬಂದದ್ದು 896ರಲ್ಲಿ ಅನ್ನುವ ಲೆಕ್ಕಕ್ಕೆ ಆ ಅಳತೆ. ಒಳಗೆ ನೋಡಲು ಯುರೋಪಿನವರಿಗೆ ಒಂದು ದರ, ನಮ್ಮಂಥವರಿಗೆ ಅದರ ಎರಡರಷ್ಟು. ಹಂಪಿಯಲ್ಲಿ ವಿದೇಶಿಯರಿಗೆ ಹಾಕುವ ದರ ನೆನಪಾಗಿ ಬಾಯಿ ಮುಚ್ಚಿಕೊಂಡು ಹೊರಗಿಂದಲೇ ಸುತ್ತು ಹಾಕಿದೆವು.

ಅಲ್ಲಿಂದ ನದಿಯಂಚಲ್ಲಿ ಸ್ವಲ್ಪ ನಡೆದರೆ ಕಲ್ಲಿನ ದಂಡೆಯ ಮೇಲೆ ಶೂಗಳು. ಕಬ್ಬಿಣದ 60 ಜೊತೆ. 1944-45ರ ಚಳಿಗಾಲದಲ್ಲಿ ಹಂಗರಿಯ ನಾಜಿಗಳಾದ ಬಾಣಶಿಲುಬೆ ಪಕ್ಷದವರು ಯಹೂದಿಗಳನ್ನು ಇಲ್ಲಿ ಸಾಲಾಗಿ ನಿಲ್ಲಿಸಿ, ಶೂ ಬಿಚ್ಚಿಸಿ, ಗುಂಡು ಹಾರಿಸಿ ನದಿಗೆ ಕೆಡವಿದರು. ಶೂಗೆ ಬೆಲೆ ಇತ್ತು. ಸ್ಮಾರಕ ಮಾಡಿದ್ದು 2005ರಲ್ಲಿ. ಹಿಮ್ಮಡಿ ಸವೆದದ್ದು, ಲೇಸ್ ಸಡಿಲವಾದದ್ದು, ಒಂದು ಕಡೆ ವಾಲಿದ್ದು, ಪ್ರತಿಯೊಂದೂ ಬೇರೆ. ನನ್ನ ಅಂಗೈಯಷ್ಟೇ ಇದ್ದ ಒಂದು ಮಗುವಿನ ಶೂವಿನೊಳಗೆ ಯಾರೋ ಒಂದು ಚಾಕೊಲೇಟ್ ಇಟ್ಟಿದ್ದರು. ಮಳೆನೀರು ನಿಂತು ಕಾಗದದ ಬಣ್ಣ ಬಿಟ್ಟಿತ್ತು. ಇಬ್ಬರೂ ಫೋಟೋ ತೆಗೆಯಲಿಲ್ಲ.

ಮೆಟ್ರೋದಲ್ಲಿ ನದಿಯ ಅಡಿಯಿಂದ ಒಂದು ಸ್ಟೇಷನ್ ದಾಟಿ ಬುಡಾ ದಡಕ್ಕೆ ಬಂದೆವು. ಅಲ್ಲಿಂದ ನಡೆದು ಸಿಲಾಗಿ ದೆಜ಼ೊ ಚೌಕ. ಇದು ನನ್ನ ಹಟ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಹುಟ್ಟಿದ್ದು ಈ ಚೌಕದಲ್ಲಿ, 1913ರ ಜನವರಿ 30ರಂದು. ತಾಯಿ ಹಂಗರಿಯವರು, ತಂದೆ ಪಂಜಾಬಿನ ಸಿಖ್ಖರು. ಎಂಟನೇ ವಯಸ್ಸಿಗೆ ಭಾರತಕ್ಕೆ ಬಂದಳು, ಇಪ್ಪತ್ತೆಂಟಕ್ಕೆ ಲಾಹೋರಿನಲ್ಲಿ ತೀರಿಕೊಂಡಳು. ಚೌಕದಲ್ಲಿ ಕೆಂಪು ಇಟ್ಟಿಗೆಯ ಚರ್ಚು, ನಾಯಿ ತಿರುಗಾಡಿಸುವ ಒಬ್ಬ, ಎದುರಿಗೆ ನದಿ. "ನೋಡ್ಲಿಕ್ಕೆ ಎಂತ ಉಂಟು ಇಲ್ಲಿ?" ಅಂದಳು ಗೆಳತಿ. ಏನೂ ಇಲ್ಲ. ಕೂತು ಉಳಿದ ಎರಡು ಚಪಾತಿ ತಿಂದೆವು.

ಕತ್ತಲಾದ ಮೇಲೆ 2ನೇ ನಂಬರ್ ಟ್ರಾಮ್. ಪೆಸ್ಟ್ ದಡದ ಗುಂಟ ನದಿಗೆ ಅಂಟಿಕೊಂಡೇ ಓಡುತ್ತದೆ. ಅರಮನೆ, ಸೇತುವೆಗಳು, ಸಂಸತ್ತು, ಎಲ್ಲ ದೀಪ ಹೊತ್ತು ಕಿಟಕಿಯಲ್ಲೇ ಹಾದುಹೋಗುತ್ತವೆ. ದೋಣಿಯವರು ಇದೇ ನೋಟಕ್ಕೆ ದುಡ್ಡು ಕೇಳುತ್ತಿದ್ದರು. ನಾವು ಮೂರು ಸಲ ಹೋಗಿ ಬಂದೆವು. ಮೂರನೇ ಸಲ ಡ್ರೈವರ್ ನಮ್ಮನ್ನು ನೋಡಿ ಹುಬ್ಬು ಹಾರಿಸಿದ.

ಬಸ್ಸಿಗೆ ಮೊದಲು ತೆರೆದಿದ್ದದ್ದು ಒಂದು ಪುಟ್ಟ ಅಂಗಡಿ, ಮಾಲೀಕನೇ ಗಲ್ಲಾದಲ್ಲಿ. ಉಳಿದ ಚಿಲ್ಲರೆಗೆ ಟೂರೋ ರೂಡಿ ಬಂತು, ಚಾಕೊಲೇಟಿನೊಳಗೆ ಹುಳಿಹುಳಿ ಹಸಿ ಚೀಸ್. ಹಂಗರಿಯ ಮಕ್ಕಳಿಗೆ ಪ್ರಾಣ. ನನಗೆ ಅರ್ಧ ಸಾಕಾಯಿತು.

ನಡುರಾತ್ರಿ ಜರ್ಮನಿಯ ಗಡಿಯಲ್ಲಿ ಪೊಲೀಸರು ಬಸ್ಸು ಹತ್ತಿ ಪಾಸ್‌ಪೋರ್ಟ್ ಕೇಳಿದರು. ಗೆಳತಿ ಬ್ಯಾಗಿಗೆ ಕೈ ಹಾಕಿದಳು, ಹೊರಗೆ ಬಂದದ್ದು ಮೊಣಕೈವರೆಗೆ ಕೆಂಪಾದ ಕೈ. ಖಾರದ ಪೊಟ್ಟಣ ಒಡೆದಿತ್ತು. ಪೊಲೀಸಪ್ಪ ಸೀನಿದ, ಪಾಸ್‌ಪೋರ್ಟನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ವಾಪಸ್ ಕೊಟ್ಟ. ಆಮೇಲೆ ನೋಟ್‌ಬುಕ್ ತೆಗೆದಳು. ಮೂರು ದಿನದ ಲೆಕ್ಕವೆಲ್ಲ ಕೆಂಪೋ ಕೆಂಪು, ಒಂದು ಅಂಕಿಯೂ ಕಾಣದು.

"ಎಷ್ಟಾಯ್ತು ಒಟ್ಟು?" ಅಂದೆ.

ಅವಳು ಪುಟವನ್ನು ಮಡಿಸಿ ಕೊಳವೆ ಮಾಡಿ, ಪುಡಿಯನ್ನು ನಿಧಾನಕ್ಕೆ ಖಾಲಿ ಚಟ್ನಿಪುಡಿ ಡಬ್ಬಿಗೆ ತಟ್ಟತೊಡಗಿದ್ದಳು. "ಸುಮ್ನಿರು ಮಾರಾಯ್ತಿ, ಗಾಳಿಗೆ ಹಾರ್ತದೆ. ನಾಳೆ ಸಾರಿಗೆ ಇದೇ."